ಗೇಟು ಇದೆ, ಮನೆ ಇಲ್ಲ: ಡೆವನ್‌ಶೈರ್ ಹೌಸ್ ಹುಡುಕಿದ ನನ್ನ ಅನುಭವ

ಮೊದಲ ದಿನ ನಾನು ನಿಂತಿದ್ದೇ ತಪ್ಪು ಜಾಗದಲ್ಲಿ.

ಲಂಡನ್ನಿನ ಗ್ರೀನ್ ಪಾರ್ಕಿನ ಅಂಚಿನಲ್ಲಿ, ಪಿಕಡಿಲಿ ರಸ್ತೆಗೆ ಹೊಂದಿಕೊಂಡು ಒಂದು ಕಬ್ಬಿಣದ ಹೆಬ್ಬಾಗಿಲಿದೆ. ಕಪ್ಪು ಕಂಬಿ, ಅಲ್ಲಲ್ಲಿ ಚಿನ್ನದ ಬಣ್ಣ, ಎರಡೂ ಕಡೆ ಕಲ್ಲಿನ ಕಂಬದ ಮೇಲೆ ಒಂದೊಂದು ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯನ ತಲೆಯ ವಿಗ್ರಹ). ಇದು ಇಂಗ್ಲೆಂಡಿನ ದೊಡ್ಡ ಶ್ರೀಮಂತ ಮನೆತನವಾದ ಡೆವನ್‌ಶೈರ್ ಡ್ಯೂಕ್‌ಗಳ ಮಹಲು, ಡೆವನ್‌ಶೈರ್ ಹೌಸ್‌ನ ಗೇಟು ಅಂತ ಓದಿದ್ದೆ. ಗೇಟು ಇಲ್ಲಿದ್ದರೆ ಮನೆ ಇದರ ಹಿಂದೆಯೇ ಇರಬೇಕು ಅಲ್ವಾ? ಅಡಿಪಾಯದ ಗುರುತು ಏನಾದರೂ ಸಿಕ್ಕೀತು ಅಂತ ಪಾರ್ಕಿನ ಹುಲ್ಲು ನೋಡಿಕೊಂಡು ಅರ್ಧ ಗಂಟೆ ಸುತ್ತಿದೆ. ಆಮೇಲೆ ತಿಳಿಯಿತು: ಗೇಟೇ ರಸ್ತೆ ದಾಟಿ ಬಂದಿದೆ. 1921ರಲ್ಲಿ ಅದನ್ನು ಕಿತ್ತು ತಂದು ಇಲ್ಲಿ ನಿಲ್ಲಿಸಿದ್ದಾರೆ. ಮನೆ ಇದ್ದದ್ದು ಎದುರಿಗೆ, ರಸ್ತೆಯ ಉತ್ತರಕ್ಕೆ.

ಮನೆಗೆ ಬಂದು ಹಳೇ ನಕ್ಷೆ ತೆಗೆದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಬ್ರಿಟನ್ನಿನ ಹಳೇ ಸರ್ವೆ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಹಳೇ ನಕ್ಷೆಯನ್ನು ಇವತ್ತಿನ ನಕ್ಷೆಯ ಮೇಲೆ ಹಾಸಿ, ಬೆರಳಲ್ಲಿ ಜಾರಿಸಿದರೆ ಮೇಲಿನದು ತೆಳುವಾಗುತ್ತಾ ಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹಾಳೆಯಲ್ಲಿ ದೊಡ್ಡ ಅಂಗಳ, ಅದರ ಹಿಂದೆ ಮನೆ, ಮನೆಯ ಹಿಂದೆ ಉದ್ದನೆಯ ತೋಟ. ಜಾರಿಸಿದೆ. ಅಂಗಳ ಕರಗಿ ಆಫೀಸು ಕಟ್ಟಡ ಬಂತು. ತೋಟದ ಮೇಲೆ ಮೇಫೇರ್ ಪ್ಲೇಸ್ ಅನ್ನೋ ಬೀದಿ ಬಂತು. ಪಕ್ಕದ ಎರಡು ರಸ್ತೆಗಳು ಮಾತ್ರ ಕದಲಲಿಲ್ಲ.

ಆ ರಸ್ತೆಗಳೇ ನನಗೆ ದಾರಿ ತೋರಿಸಿದ್ದು. ಡ್ಯೂಕ್‌ಗಿಂತ ಮುಂಚೆ, 1660ರ ದಶಕದಲ್ಲಿ, ಇಲ್ಲಿ ಮನೆ ಕಟ್ಟಿಸಿದ್ದು ಜಾನ್ ಬರ್ಕ್ಲಿ. ಸ್ಟ್ರ್ಯಾಟನ್‌ನ ಬರ್ಕ್ಲಿ ಅಂತ ಅವನ ಬಿರುದು. ಅವನು ಸತ್ತ ಮೇಲೆ ಹೆಂಡತಿ ತೋಟದ ಎರಡೂ ಅಂಚುಗಳನ್ನು ಬೀದಿಗೆ ಬಿಟ್ಟುಕೊಟ್ಟಳು. ಹೇಗೆ ಕಟ್ಟಬೇಕು ಅಂತ ಸಲಹೆ ಕೊಡಲು ಹೋಗಿದ್ದ ಆ ಕಾಲದ ಲೇಖಕ ಜಾನ್ ಎವೆಲಿನ್, ಅಷ್ಟು ಚೆಂದದ ಜಾಗ ಹೀಗೆ ಇಕ್ಕಟ್ಟಾಯಿತಲ್ಲ ಅಂತ 1684ರ ದಿನಚರಿಯಲ್ಲಿ ಬೇಜಾರು ಮಾಡಿಕೊಂಡಿದ್ದಾನೆ. ಅವೇ ಇವತ್ತಿನ ಬರ್ಕ್ಲಿ ಸ್ಟ್ರೀಟ್ ಮತ್ತು ಸ್ಟ್ರ್ಯಾಟನ್ ಸ್ಟ್ರೀಟ್. ಇವೆರಡರ ನಡುವೆ ನಿಂತರೆ ನೀವು ಮಹಲಿನ ಅಂಗಳದಲ್ಲಿ ನಿಂತ ಹಾಗೆ.

1696ರಲ್ಲಿ ಮೊದಲನೇ ಡ್ಯೂಕ್ ಇದನ್ನು ಕೊಂಡ. ಹಿಂದುಗಡೆ ನೇರಕ್ಕಿರುವ ಜಾಗದಲ್ಲಿ ಕಟ್ಟಡ ಏಳಬಾರದು, ತನ್ನ ನೋಟಕ್ಕೆ ಅಡ್ಡ ಬರಬಾರದು ಅಂತ ಬರ್ಕ್ಲಿ ಮನೆತನದಿಂದ ಮಾತು ತೆಗೆದುಕೊಂಡ. ಆ ಕಡೆ ಬಹಳ ಕಾಲ ಬಯಲು ಉಳಿದದ್ದು ಹಾಗೆ. ಮನೆ 1733ರಲ್ಲಿ ಸುಟ್ಟುಹೋಯಿತು. ಅದೇ ಜಾಗದಲ್ಲಿ ಮೂರನೇ ಡ್ಯೂಕ್‌ಗೆ ವಾಸ್ತುಶಿಲ್ಪಿ ವಿಲಿಯಂ ಕೆಂಟ್ ಹೊಸದು ಕಟ್ಟಿಕೊಟ್ಟ. ಒಳಗೆ ಭಾರೀ ಅಲಂಕಾರ, ಹೊರಗೆ ಬೋಳು. 1783ರಲ್ಲಿ ಒಬ್ಬ ವಿಮರ್ಶಕ, ಮನೆಯೇನೋ ವಿಶಾಲವಾಗಿದೆ, ಈಸ್ಟ್ ಇಂಡಿಯಾ ಕಂಪನಿಯ ಗೋದಾಮುಗಳೂ ಅಷ್ಟೇ ವಿಶಾಲ ಅಂತ ಕುಟುಕಿದ. ಚಿತ್ರ ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ.

ಒಳಗಿನ ಕೋಣೆಗಳನ್ನು ನೋಡುವ ಆಸೆ ಇತ್ತು. 1897ರ ಜುಲೈ 2ರಂದು, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ವರ್ಷ, ಇಲ್ಲಿ ವೇಷಭೂಷಣದ ದೊಡ್ಡ ಔತಣ ನಡೆಯಿತು. ಡಚೆಸ್ ಪಾಲ್ಮೈರಾದ ರಾಣಿ ಜೆನೋಬಿಯಾ ಆಗಿದ್ದಳು. ಲಫಾಯೆಟ್ ಸ್ಟುಡಿಯೋದವರು ತೆಗೆದ ಅತಿಥಿಗಳ ಫೋಟೋಗಳು ಎಷ್ಟೋ ಉಳಿದಿವೆ. ಒಂದೊಂದನ್ನೇ ದೊಡ್ಡದು ಮಾಡಿ, ಮನುಷ್ಯರನ್ನು ಬಿಟ್ಟು ಹಿಂದಿನ ಗೋಡೆಯನ್ನೇ ನೋಡಿದೆ. ಎಂಥ ಗೋಡೆ! ಎಲ್ಲ ಬಣ್ಣ ಬಳಿದ ಪರದೆ. ಅವರು ತೋಟದಲ್ಲಿ ಡೇರೆ ಹಾಕಿ ಅದರೊಳಗೆ ಫೋಟೋ ತೆಗೆದಿದ್ದರು.

ಒಮ್ಮೆ ಮೈಸೂರಿನ ಗೆಳೆಯರೊಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. "1897 ಅಂದ್ರೆ ನಮ್ಮ ಮರದ ಅರಮನೆ ಸುಟ್ಟ ವರ್ಷ ಅಲ್ವೇನ್ರೀ?" ಅಂದರು. ಹೌದು, ಅದೇ ವರ್ಷದ ಫೆಬ್ರವರಿ, ಮದುವೆಯ ಸಮಯ. ಅಲ್ಲಿ ಸುಟ್ಟ ಜಾಗದಲ್ಲೇ ಹೊಸ ಅರಮನೆ ಎದ್ದಿತು.

ಇಲ್ಲಿ ಎರಡನೇ ಸಲ ಬಂದದ್ದು ಬೆಂಕಿಯಲ್ಲ, ತೆರಿಗೆ. 1908ರಲ್ಲಿ ಪಟ್ಟಕ್ಕೆ ಬಂದ ಒಂಬತ್ತನೇ ಡ್ಯೂಕ್ ಮೇಲೆ 5 ಲಕ್ಷ ಪೌಂಡ್‌ಗೂ ಜಾಸ್ತಿ ಮರಣ ತೆರಿಗೆ (ಸತ್ತವರ ಆಸ್ತಿಯ ಮೇಲೆ ಹಾಕುವ ತೆರಿಗೆ) ಬಿತ್ತು. ಹಳೇ ಸಾಲ ಬೇರೆ. ಮೊದಲು ಅಪರೂಪದ ಪುಸ್ತಕಗಳು ಅಮೆರಿಕಕ್ಕೆ ಹೋದವು. 1920ರಲ್ಲಿ ಮನೆಯೂ ಮಾರಾಟವಾಯಿತು. ಕೊಂಡವರಲ್ಲಿ ಒಬ್ಬನಿಗೆ ಈ ಕಟ್ಟಡ ಕಣ್ಣಿಗೆ ಚುಚ್ಚುತ್ತಿತ್ತಂತೆ. 1924ರಲ್ಲಿ ಕೆಡವಿದರು. ಹಾಗೆ ಎದ್ದ ಆಫೀಸು ಕಟ್ಟಡಕ್ಕೂ ಡೆವನ್‌ಶೈರ್ ಹೌಸ್ ಅಂತಲೇ ಹೆಸರು. ಅದಕ್ಕೇ ಮ್ಯಾಪಿನಲ್ಲಿ ಸುಮ್ನೆ ಹೆಸರು ಹಾಕಿ ಹುಡುಕಿದರೆ ಮೋಸ ಹೋಗುತ್ತೀರಿ.

ನೀವು ಹೋಗುವುದಾದರೆ ಗೇಟಿನಿಂದ ಶುರು ಮಾಡಬೇಡಿ. ಬರ್ಕ್ಲಿ ಸ್ಟ್ರೀಟ್ ಹಿಡಿದು ಉತ್ತರಕ್ಕೆ ನಡೆಯಿರಿ, ಎಡಕ್ಕೆ ಲ್ಯಾನ್ಸ್‌ಡೌನ್ ರೋ ಸಿಗುತ್ತದೆ. ಈಗ ಕಾಫಿ, ಸ್ಯಾಂಡ್‌ವಿಚ್ ಮಾರುವ ಓಣಿ. ಮೊದಲು ಎರಡು ಮಹಲುಗಳ ತೋಟದ ಗೋಡೆಗಳ ನಡುವೆ ತಗ್ಗಿನಲ್ಲಿದ್ದ ಕಾಲುದಾರಿ. ದರೋಡೆಕೋರನೊಬ್ಬ ಕುದುರೆ ಸಮೇತ ಇದರಲ್ಲಿ ನುಗ್ಗಿ ತಪ್ಪಿಸಿಕೊಂಡ, ಆಮೇಲೆ ಬಾಯಿಗೆ ಕಬ್ಬಿಣದ ಸರಳು ನೆಟ್ಟರು ಅಂತ ಕತೆ ಇದೆ. ಕಾಫಿ ತಗೊಂಡು ಪಿಕಡಿಲಿ ಕಡೆಗೆ ತಿರುಗಿ ನಿಲ್ಲಿ. ನಿಮಗೂ ಪಾರ್ಕಿನ ಗೇಟಿಗೂ ನಡುವೆ ಇರುವುದಷ್ಟೂ ಡ್ಯೂಕ್‌ನ ತೋಟ, ಮನೆ, ಅಂಗಳ.