‘ನೋಡೋಣ’ ಎನ್ನುವುದನ್ನು ಬಿಟ್ಟ ಮೇಲೆ

11 ವರ್ಷಗಳ ಹಿಂದೆ 9 ಜನರ ತಂಡವೊಂದರ ಹೊಣೆ ನನ್ನ ಪಾಲಿಗೆ ಬಂದಾಗ, ಅಲ್ಲಿಯವರೆಗೆ ಸಂಪಾದಿಸಿದ್ದ ಒಳ್ಳೆಯ ಹೆಸರು ತಾನಾಗಿಯೇ ನನ್ನ ಹಿಂದೆ ಬರುತ್ತದೆಂದು ನಂಬಿದ್ದೆ. ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ನನ್ನ ಕೈ ಪಳಗಿತ್ತು, ಬಿಡಿಸಲಾಗದ ಸಮಸ್ಯೆ ಬಂದಾಗ ಉಳಿದವರು ನನ್ನ ಮೇಜಿನ ಬಳಿ ಬರುತ್ತಿದ್ದರು. ಮುಖ್ಯಸ್ಥನ ಕುರ್ಚಿಯಲ್ಲಿ ಕುಳಿತ ಮೇಲೆ ಆ ಹೆಸರು ಅರ್ಧ ಬೆಲೆಗೂ ಚಲಾವಣೆಯಾಗಲಿಲ್ಲ. ನಾನು ಬರೆದ ಪ್ರೋಗ್ರಾಂ ತಪ್ಪಿದ್ದರೆ ಅದನ್ನು ಯಂತ್ರವೇ ತೋರಿಸಿಕೊಡುತ್ತಿತ್ತು; ನಾನು ಕೊಟ್ಟ ಮಾತು ತಪ್ಪಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಮೌನವನ್ನು ಒಪ್ಪಿಗೆಯೆಂದು ತಿಳಿದು ಮೊದಲ ಆರು ತಿಂಗಳು ನೆಮ್ಮದಿಯಾಗಿಯೇ ಕಳೆದೆ.

ನೆಮ್ಮದಿ ಕೆಡಿಸಿದ್ದು ಒಂದು ರಾಜೀನಾಮೆ. ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಯೊಬ್ಬರು, ಮನೆಯ ಕಾರಣಕ್ಕಾಗಿ ತಮ್ಮನ್ನು ರಾತ್ರಿ ಪಾಳಿಯಿಂದ ಬಿಡಿಸಬಹುದೇ ಎಂದು ಕೇಳಿದ್ದರು. ಅದು ನನ್ನ ಕೈಯಲ್ಲಿಲ್ಲವೆಂಬುದು ಕೇಳಿದ ಕ್ಷಣದಲ್ಲೇ ನನಗೆ ಗೊತ್ತಿತ್ತು. ಆದರೂ ಅವರ ಮುಖ ನೋಡಿ ಇಲ್ಲವೆನ್ನಲು ಮನಸ್ಸಾಗದೆ ‘ನೋಡೋಣ’ ಎಂದೆ. ಎರಡು ತಿಂಗಳ ನಂತರ ಕೆಲಸ ಬಿಟ್ಟು ಹೋಗುವ ದಿನ ಅವರು ಯಾವ ಸಿಟ್ಟೂ ಇಲ್ಲದ ದನಿಯಲ್ಲಿ ಹೇಳಿದರು: “ಸಾರ್, ಆಗಲ್ಲ ಅಂತ ಅವತ್ತೇ ಹೇಳಿದ್ದಿದ್ದರೆ ನಾನು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆ. ನೋಡೋಣ ಅಂದಿರಿ, ಅದಕ್ಕೇ ಕಾದೆ.”

‘ನೋಡೋಣ’ ಎಂಬುದು ನಮ್ಮ ಭಾಷೆಯ ಬಹಳ ಮರ್ಯಾದಸ್ಥ ಪದ. ಹೇಳುವವನ ಬಾಯಲ್ಲಿ ಅದು ‘ಆಗುವುದಿಲ್ಲ’ ಎನ್ನುವುದರ ಮೆತ್ತಗಿನ ರೂಪವಾಗಿರುತ್ತದೆ, ಕೇಳುವವರ ಕಿವಿಯಲ್ಲಿ ‘ಆಗಬಹುದು’ ಎಂದಾಗುತ್ತದೆ. ನೆಂಟರಿಷ್ಟರ ನಡುವೆ ಈ ಅಂತರದಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ಇನ್ನೊಬ್ಬರ ಪಾಳಿ, ರಜೆ, ಸಂಬಳಗಳು ಯಾರ ಮಾತಿನ ಮೇಲೆ ನಿಂತಿವೆಯೋ ಅಂಥವನು ಈ ಪದವನ್ನು ಬಳಸಿದಾಗಲೆಲ್ಲ, ತಾನು ಅರಿಯದ ಒಂದು ಸಾಲವನ್ನು ಮೈಮೇಲೆ ಹಾಕಿಕೊಳ್ಳುತ್ತಾನೆ.

ಮಾರನೆಯ ದಿನ ಒಂದು ಸಣ್ಣ ನೋಟ್‌ಬುಕ್ ತಂದೆ. ಎಡಗಡೆ ನಾನು ಯಾರಿಗೆ ಏನು ಹೇಳಿದೆ, ಬಲಗಡೆ ಯಾವ ದಿನದೊಳಗೆ ಎಂದು ಬರೆಯತೊಡಗಿದೆ. ‘ಎರಡನೆಯ ಮಾನಿಟರ್ ಬಗ್ಗೆ ಖರೀದಿ ವಿಭಾಗವನ್ನು ಕೇಳುವುದು, ಗುರುವಾರ’, ‘ಹೊಸ ಹುಡುಗನ ಕೋಡ್ ನೋಡಿ ಅಭಿಪ್ರಾಯ ಹೇಳುವುದು, ನಾಳೆ ಸಂಜೆ’ ಎಂಬಂಥ ಸಾಲುಗಳು. ನಡೆದಾಡುವಾಗ, ಲಿಫ್ಟಿನಲ್ಲಿ, ಊಟದ ಹೊತ್ತಿನಲ್ಲಿ ಬಾಯಿಂದ ಜಾರಿದ್ದನ್ನೂ ಸೇರಿಸಿದೆ. ತಿಂಗಳ ಕೊನೆಗೆ ಎಣಿಸಿದಾಗ 41 ಸಾಲುಗಳಿದ್ದವು, ಅವುಗಳಲ್ಲಿ 17 ಹಾಗೆಯೇ ಬಾಕಿ ಉಳಿದಿದ್ದವು. ನನಗೆ ಗಾಬರಿಯಾದದ್ದು 17ನ್ನು ಕಂಡು ಅಲ್ಲ, 41ನ್ನು ಕಂಡು. ಅಷ್ಟು ಮಾತು ಕೊಡುವ ಅಗತ್ಯ ಯಾರಿಗೂ ಇರಲಿಲ್ಲ. ಒಳ್ಳೆಯವನೆನಿಸಿಕೊಳ್ಳುವ ಆಸೆಗೆ ನಾನೇ ಹಂಚುತ್ತಾ ಹೋಗಿದ್ದೆ.

ಹೀಗಾಗಿ ಮೊದಲು ಮಾಡಿದ ಕೆಲಸವೆಂದರೆ ಮಾತು ಕೊಡುವುದನ್ನೇ ಕಡಿಮೆ ಮಾಡಿದ್ದು. ಆಗುವುದಾದರೆ ದಿನ ಹೇಳುತ್ತಿದ್ದೆ, ಆಗದಿದ್ದರೆ ಕಾರಣ ಹೇಳುತ್ತಿದ್ದೆ. ಗೊತ್ತಿಲ್ಲದಿದ್ದಾಗ ‘ಗೊತ್ತಿಲ್ಲ, ಬುಧವಾರ ತಿಳಿಸುತ್ತೇನೆ’ ಎನ್ನುತ್ತಿದ್ದೆ. ಈ ಮೂರನೆಯದರಲ್ಲೇ ನಿಜವಾದ ಕಷ್ಟವಿರುವುದು. ಬುಧವಾರ ಬಂದಾಗ ಹೇಳಲು ಏನೂ ಇರುವುದಿಲ್ಲ, ಮೇಲಿನಿಂದ ಉತ್ತರ ಬಂದಿರುವುದಿಲ್ಲ, ಉತ್ತರ ಬಂದ ಮೇಲೆಯೇ ಹೋಗಿ ಮಾತನಾಡಿದರಾಯಿತು ಎಂದು ಮನಸ್ಸು ಸಮಜಾಯಿಷಿ ಕೊಡುತ್ತದೆ. ಅಂಥ ದಿನವೂ ಎದ್ದು ಅವರ ಮೇಜಿನ ಬಳಿ ಹೋಗಿ, ‘ಇವತ್ತು ಬುಧವಾರ, ನನಗೆ ಇನ್ನೂ ಉತ್ತರ ಸಿಕ್ಕಿಲ್ಲ, ಸೋಮವಾರ ಮತ್ತೆ ಹೇಳುತ್ತೇನೆ’ ಎಂದು ಬರುವುದನ್ನು ರೂಢಿಸಿಕೊಂಡೆ. ಖಾಲಿ ಕೈಯಲ್ಲಿ ಹೋದ ಆ ಭೇಟಿಗಳು ತಂದುಕೊಟ್ಟಷ್ಟು ನಂಬಿಕೆಯನ್ನು ನಾನು ಪೂರೈಸಿದ ದೊಡ್ಡ ಕೆಲಸಗಳೂ ತಂದುಕೊಡಲಿಲ್ಲವೆಂಬುದು ನನ್ನ ಲೆಕ್ಕ.

ಮೇಯರ್, ಡೇವಿಸ್ ಮತ್ತು ಸ್ಕೂರ್ಮನ್ ಎಂಬ ಮೂವರು ಸಂಶೋಧಕರು 1995ರಲ್ಲಿ, ಒಬ್ಬರನ್ನು ನಂಬಲರ್ಹರೆಂದು ನಾವು ಎಣಿಸುವುದು ಅವರ ಸಾಮರ್ಥ್ಯ, ನಮ್ಮ ಬಗೆಗಿನ ಹಿತಚಿಂತನೆ ಮತ್ತು ನಡೆ ನುಡಿಗಳ ಪ್ರಾಮಾಣಿಕತೆ ಎಂಬ ಮೂರನ್ನು ತೂಗಿ ನೋಡಿ ಎಂದು ವಿವರಿಸಿದ್ದರು. ಇದನ್ನು ತಡವಾಗಿ ಓದಿದಾಗ ನನ್ನ ತಪ್ಪು ಎಲ್ಲಿತ್ತೆಂದು ಹೊಳೆಯಿತು. ಮೊದಲನೆಯದು ಧಾರಾಳವಾಗಿದ್ದರೆ ಉಳಿದೆರಡರ ಕೊರತೆಯನ್ನೂ ಅದೇ ತುಂಬಿಬಿಡುತ್ತದೆಂದು ನಾನು ಎಣಿಸಿದ್ದೆ. ತಂಡದವರು ನನ್ನನ್ನು ಸುಳ್ಳುಗಾರನೆಂದು ಎಂದೂ ಭಾವಿಸಿರಲಿಲ್ಲ. ಇವರಿಗೆ ಹೇಳಿದರೆ ನೆನಪಿಟ್ಟುಕೊಳ್ಳುತ್ತಾರೆಯೇ ಎಂಬುದೇ ಅವರ ಅನುಮಾನವಾಗಿತ್ತು.

ಇಷ್ಟೆಲ್ಲ ಕಲಿತ ಮೇಲೂ ಮೂರನೆಯ ವರ್ಷದಲ್ಲಿ ದೊಡ್ಡದಾಗಿ ಎಡವಿದೆ. ಗ್ರಾಹಕರೊಬ್ಬರ ಬಿಲ್ಲಿಂಗ್ ವ್ಯವಸ್ಥೆಯನ್ನು ಬದಲಿಸುವ ಕೆಲಸಕ್ಕೆ ಎಷ್ಟು ಸಮಯ ಬೇಕೆಂದು ಮೇಲಧಿಕಾರಿಗಳ ಸಭೆಯಲ್ಲಿ ಕೇಳಿದಾಗ, ತಂಡದ ಯಾರನ್ನೂ ವಿಚಾರಿಸದೆ 6 ವಾರ ಎಂದುಬಿಟ್ಟೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಗುರುತಿಸಿದ ದೋಷವಿದು: ಕೆಲಸದ ಅಂದಾಜು ಮಾಡುವಾಗ ಮನುಷ್ಯ ಎಲ್ಲವೂ ಸರಾಗವಾಗಿ ನಡೆಯುವ ಚಿತ್ರವನ್ನೇ ಎದುರಿಗಿಟ್ಟುಕೊಂಡು, ಹಿಂದಿನ ಅಂಥದೇ ಕೆಲಸಗಳು ನಿಜಕ್ಕೂ ಎಷ್ಟು ಕಾಲ ತಿಂದವೆಂಬುದನ್ನು ಮರೆಯುತ್ತಾನೆ. 1994ರ ಒಂದು ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದ ವಿದ್ಯಾರ್ಥಿಗಳಿಗೆ ಕೊನೆಗೆ ಹಿಡಿದದ್ದು ಸುಮಾರು 55 ದಿನ. ನನ್ನ ಕಥೆಯೂ ಬೇರೆಯಾಗಲಿಲ್ಲ. ತಂಡ ಕುಳಿತು ಲೆಕ್ಕ ಹಾಕಿದಾಗ 10 ವಾರ ಬಂತು. ಆಗಲೇ ಹೋಗಿ ತಿದ್ದಿದ್ದರೆ ಅದು ಬರಿಯ ತಪ್ಪು ಅಂದಾಜಾಗಿ ಉಳಿಯುತ್ತಿತ್ತು. ನಾನು ಹಾಗೆ ಮಾಡದೆ, ಹೇಗಾದರೂ ಸರಿಹೋದೀತೆಂದುಕೊಂಡು ನಾಲ್ಕು ವಾರ ಸ್ಟೇಟಸ್ ರಿಪೋರ್ಟಿನಲ್ಲಿ, ಕೆಲಸ ಸಮಯಕ್ಕೆ ಸರಿಯಾಗಿ ಸಾಗುತ್ತಿದೆ ಎಂದು ಸೂಚಿಸುವ ಹಸಿರು ಬಣ್ಣವನ್ನೇ ಹಚ್ಚುತ್ತಾ ಹೋದೆ. ಆ ರಿಪೋರ್ಟನ್ನು ತಂಡದವರೂ ಓದುತ್ತಿದ್ದರೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಮೇಲಿನವರಿಗೆ ಹುಸಿ ಹೇಳುವವನು ನಾಳೆ ನಮಗೂ ಹೇಳುತ್ತಾನೆ ಎಂದು ಅವರು ಲೆಕ್ಕ ಹಾಕಿದ್ದರೆ ಅದರಲ್ಲಿ ತಪ್ಪೇನಿರಲಿಲ್ಲ.

ಐದನೆಯ ವಾರ ಬಾಯಿಬಿಟ್ಟು ಹೇಳಲೇಬೇಕಾಯಿತು. ದಿನಾಂಕವನ್ನು ಎಲ್ಲಿ ಕೊಟ್ಟಿದ್ದೆನೋ ಅದೇ ಸಭೆಯಲ್ಲಿ, ಅದೇ ಜನರೆದುರು, ಆ ದಿನಾಂಕ ನನ್ನದು, ತಂಡದ್ದಲ್ಲ, ಅದು ಸಾಲದೆಂದು ನಾಲ್ಕು ವಾರಗಳಿಂದ ನನಗೆ ಗೊತ್ತಿತ್ತು ಎಂದು ಹೇಳಿದೆ. ಮೇಲ್ ಬರೆದು ಕೈತೊಳೆದುಕೊಳ್ಳುವ ಆಸೆ ಬಲವಾಗಿತ್ತು. ಆದರೆ ಹತ್ತು ಜನರ ಮುಂದೆ ಆಡಿದ ಮಾತನ್ನು ಒಬ್ಬರ ಕಿವಿಯಲ್ಲಿ ಹಿಂತೆಗೆದುಕೊಂಡರೆ ಉಳಿದ ಒಂಬತ್ತು ಜನರಲ್ಲಿ ಹಳೆಯ ಮಾತೇ ಉಳಿದಿರುತ್ತದೆ. ಅಲ್ಲಿಂದ ನೇರವಾಗಿ ತಂಡದ ಬಳಿ ಬಂದು ಅದನ್ನೇ ಹೇಳಿದೆ, ಸಮರ್ಥನೆ ಸೇರಿಸಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ತಂಡದ ಹಿರಿಯ ಪ್ರೋಗ್ರಾಮರ್ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತಾ, “ಹೊಸ ಡೇಟ್ ಯಾರು ಕೊಟ್ಟರು ಸಾರ್?” ಎಂದರು. ಇನ್ನೂ ಯಾರೂ ಕೊಟ್ಟಿಲ್ಲ, ನೀವು ಕೊಡಬೇಕು ಎಂದೆ. ಅವರು ಮುಚ್ಚಳ ಹಾಕಿ ಪೆನ್ನನ್ನು ಜೇಬಿಗಿಟ್ಟು, “ನಾಳೆ ಮಧ್ಯಾಹ್ನದ ಹೊತ್ತಿಗೆ ಹೇಳುತ್ತೇವೆ” ಎಂದರು. ಕೆಲಸ ಒಟ್ಟು 11 ವಾರಗಳಲ್ಲಿ ಮುಗಿಯಿತು. ಅಂದಿನಿಂದ ಹಿಂದಿನ ಎರಡು ಮೂರು ಕೆಲಸಗಳು ನಿಜವಾಗಿ ತೆಗೆದುಕೊಂಡ ಸಮಯವನ್ನು ಎದುರಿಗಿಟ್ಟುಕೊಳ್ಳದೆ, ಕೆಲಸ ಮಾಡುವವರನ್ನು ಕೇಳದೆ, ನಾನು ಯಾವ ಸಭೆಯಲ್ಲೂ ದಿನಾಂಕ ಹೇಳಿಲ್ಲ.

ಗಳಿಸಿದ್ದನ್ನು ಉಳಿಸಿಕೊಳ್ಳುವ ಪರೀಕ್ಷೆ ಪ್ರತಿ ವರ್ಷ ಅಪ್ರೈಸಲ್, ಅಂದರೆ ಪ್ರತಿಯೊಬ್ಬರ ಕೆಲಸವನ್ನು ಅಳೆದು ರೇಟಿಂಗ್ ಕೊಡುವ ಹೊತ್ತಿಗೆ ಬರುತ್ತದೆ. ನಿರೀಕ್ಷಿಸಿದ ರೇಟಿಂಗ್ ಸಿಗದವರ ಎದುರು ‘ನಾನು ಬರೆದದ್ದು ಚೆನ್ನಾಗಿಯೇ ಇತ್ತು, ಮೇಲಿನವರು ಕಡಿಮೆ ಮಾಡಿದರು’ ಎನ್ನುವುದು ಬಹಳ ಸುಲಭ, ಅದು ಕೆಲವೊಮ್ಮೆ ನಿಜವೂ ಆಗಿರುತ್ತದೆ. ನಾನೂ ಒಮ್ಮೆ ಹೇಳಿದ್ದೇನೆ. ಎದುರಿಗಿದ್ದವರು ತಲೆಯಾಡಿಸಿದರು, ಆದರೆ ಮುಂದಿನ ವರ್ಷ ತಮ್ಮ ಅಹವಾಲನ್ನು ನನ್ನ ಬಳಿ ತರದೆ ನೇರವಾಗಿ ಮೇಲಿನವರ ಬಳಿಯೇ ಒಯ್ದರು. ತೀರ್ಮಾನ ನನ್ನದಲ್ಲವೆಂದು ಹೇಳಿದವನು ನಾನೇ ತಾನೆ? ಈಗ ತೀರ್ಮಾನವಾಗುವ ಮೊದಲು ಮೇಲಿನವರೊಂದಿಗೆ ಬೇಕಾದಷ್ಟು ಜಗಳವಾಡುತ್ತೇನೆ. ಆದ ಮೇಲೆ ಅದನ್ನು ನನ್ನದೆಂದೇ ಹೇಳಿ ಕಾರಣ ಕೊಡುತ್ತೇನೆ, ಬೈಗುಳ ಬಂದರೆ ಕೇಳಿಸಿಕೊಳ್ಳುತ್ತೇನೆ.

ಇನ್ನೊಬ್ಬರ ಕೆಲಸಕ್ಕೆ ಬಂದ ಹೊಗಳಿಕೆಯನ್ನು ಅಲ್ಲಿಯೇ ಅವರ ಹೆಸರಿಗೆ ದಾಟಿಸುವುದು, ಗುಟ್ಟಾಗಿ ಹೇಳಿದ್ದನ್ನು ಗುಟ್ಟಾಗಿಯೇ ಇಡುವುದು ಇವೆಲ್ಲ ಯಾರಿಗೂ ಗೊತ್ತಿರುವ ಸಂಗತಿಗಳು, ವಿಸ್ತರಿಸಬೇಕಿಲ್ಲ.

ನೋಟ್‌ಬುಕ್ ಈಗ ಏಳನೆಯದು. ಹೋದ ವಾರ, ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ತರಬೇತಿಗೆ ಹೋಗಲು ತನಗೆ ಅವಕಾಶವಿದೆಯೇ ಎಂದು ಕೇಳಿದಳು. ‘ನೋಡೋಣ’ದ ಮೊದಲ ಅಕ್ಷರ ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದೇ ಬಂತು. ನುಂಗಿಕೊಂಡು, ಗೊತ್ತಿಲ್ಲಮ್ಮ, ಶುಕ್ರವಾರ ಹೇಳುತ್ತೇನೆ ಎಂದೆ. ಅವಳು ನನ್ನೆದುರೇ ಫೋನ್ ತೆಗೆದು ಶುಕ್ರವಾರಕ್ಕೆ ರಿಮೈಂಡರ್ ಹಾಕಿಕೊಂಡಳು. ನಾನೂ ನೋಟ್‌ಬುಕ್ ತೆರೆದು ಬರೆದುಕೊಂಡೆ.