ನಾಲ್ಕು ಮಂದಿ ದೋಸ್ತರು, ಎರಡು ಚೀಲ ಸುಣ್ಣ

"ಸುಣ್ಣ ಬಳದು ಬಿಸಲು ಓಡಸ್ತಿ ಏನಪಾ? ಒಂದು ಎ.ಸಿ. ಕುಂದ್ರಸು, ಸುಮ್ಮನ ಮಲಗು" ಅಂದು ನಕ್ಕವರು ಬಹಳ ಮಂದಿ. ಮೊದಲ ಎರಡು ಬೇಸಿಗೆ ಅವರು ನಕ್ಕಿದ್ದರಲ್ಲಿ ತಪ್ಪಿರಲಿಲ್ಲ. ಮೂರನೇ ಬೇಸಿಗೆಗೆ ಕೆಲಸ ಕೂಡಿಬಂತು. ಅದಕ್ಕೇ ಈಗ ಬರೆಯಲು ಧೈರ್ಯ.

ಕಲಬುರಗಿಯ ಬಿಸಿಲು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ನಮ್ಮ ಕಡೆ ಸರಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ನಮ್ಮಂಥ ಗುಮಾಸ್ತರಿಗೆ ಪುಣ್ಯ ಅಂತಾರೆ ಮಂದಿ. ಆ 1.30ಕ್ಕೆ ಬಿಸಿಲಲ್ಲಿ ನಿಂತ ಗಾಡಿ ಸೀಟಿನ ಮೇಲೆ ಒಮ್ಮೆ ಕೂತು ನೋಡಲಿ, ಆಮೇಲೆ ಪುಣ್ಯದ ಮಾತಾಡೋಣ. ಮನೆಗೆ ಬಂದರೆ ಒಳಗೆ ಇನ್ನೊಂದು ಒಲೆ. ಅಜ್ಜನ ಕಾಲದ ಮಣ್ಣಿನ ಮಾಳಿಗೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ದು ನಾನೇ, ಯಾರನ್ನು ಬಯ್ಯಲಿ?

ನಾವು ನಾಲ್ಕು ಮಂದಿ: ನಾನು, ಒಬ್ಬ ಮಾಸ್ತರು, ಒಬ್ಬ ಆಟೋದವನು, ತೊಗರಿ ಅಡತಿ ಅಂಗಡಿಯ ಮುನೀಮ ಒಬ್ಬ. ಎ.ಸಿ.ಗೆ ಮೂವತ್ತೈದು ಸಾವಿರ ಯಾರ ಹತ್ತಿರವೂ ಇರಲಿಲ್ಲ. ಇದ್ದರೂ ಅದರ ಬಿಲ್ಲು ಕಟ್ಟುವ ಎದೆ ಇರಲಿಲ್ಲ. ನಾಲ್ವರೂ ತಲಾ ರೊಕ್ಕ ಹಾಕಿ ನಮ್ಮ ಮನೆಯ ಒಂದು ಕೋಣೆ, ಮೇಲಿನ ಮಾಳಿಗೆ ಇಷ್ಟನ್ನೇ ತಂಪು ಮಾಡುವುದು, ಬೇಸಿಗೆ ಪೂರಾ ಅಲ್ಲೇ ಕೂಡುವುದು ಅಂತ ಮಾತಾಯಿತು.

ಮೊದಲ ವರ್ಷ ಬರೀ ಸುಣ್ಣ, ನೀರು. ಬಿಳುಪಿಗೆ ಬಿಸಿಲು ವಾಪಸು ಹೋಗಲಿ ಅಂತ ಮಾಳಿಗೆಗೆ ಎರಡು ಕೈ ಬಳಿದೆವು. ಒಣಗಿದ ಮೇಲೆ ಪಾದ ಬಿಳುಪು, ಹಾಸಿಗೆ ಬಿಳುಪು, ಮಾಸ್ತರರ ಲುಂಗಿ ಬಿಳುಪು. ಏಪ್ರಿಲ್ ಕೊನೆಗೆ ಒಂದು ಗಾಳಿಮಳೆ ಅರ್ಧ ತಾಸು ಬಡಿಯಿತು ನೋಡ್ರಿ, ಎರಡು ಚೀಲ ಸುಣ್ಣವೂ ಪೈಪಿನಿಂದ ಇಳಿದು ಪಕ್ಕದವರ ಹೊಸ ಬಣ್ಣದ ಗೋಡೆ ಮೇಲೆ. ಸಾವಿರದ ಚಿಲ್ಲರೆ ದಂಡ ಬಿತ್ತು. ಎರಡನೇ ವರ್ಷ, ಹಳೇ ಕಾಲದವರು ಗಾರೆಗೆ ಬೆಲ್ಲ ಹಾಕುತ್ತಿದ್ದರಲ್ಲ ಅಂತ ಮುನೀಮ ಎರಡು ಕಿಲೋ ಬೆಲ್ಲ ತಂದ. ಸುಣ್ಣ ಹಿಡಿಯಿತೋ ಇಲ್ಲವೋ, ಓಣಿಯ ಇರುವೆಯೆಲ್ಲ ನಮ್ಮ ಮಾಳಿಗೆಗೆ ಜಾತ್ರೆ ಬಂತು. "ಪ್ರಸಾದ ಯಾವಾಗ ಹಂಚ್ತೀರಿ?" ಅಂದಳು ನಮ್ಮ ಮನೆಯಾಕೆ.

ನೀರಿನದೂ ಅದೇ ಗೋಳು. ನಲ್ಲಿ ಕೂಡಿಸಿ, ಮೇಲೆ ನವಿಲು ಬರೆದಿದ್ದ ಚಂದದ ಹರವಿಗೆ, ಅಂದರೆ ಮಣ್ಣಿನ ಗಡಿಗೆಗೆ, ನಾನೂರು ಕೊಟ್ಟು ತಂದೆ. ಮೂರು ದಿನ ಕಾದರೂ ನೀರು ಚಹಾಕ್ಕೆ ಇಟ್ಟಂಗೆ ಉಗುರುಬೆಚ್ಚಗೆ. ವಾಪಸು ಒಯ್ದರೆ ಕುಂಬಾರ ಆಯಿ ನಕ್ಕು ಅಂದಳು: "ಮೈತುಂಬ ಬಣ್ಣ ಹಚ್ಚಿದ ಮ್ಯಾಲ ಅದು ಹ್ಯಾಂಗ ಬೆವರಬೇಕೋ ಮಗಾ? ಬೆವರಿದ್ರs ತಂಪು." ಆಯಿಯ ಹತ್ತಿರವೇ ನೂರೈವತ್ತರ ಬರಿಮೈ ಹರವಿ ಎರಡು ತಂದು, ಹಸಿ ಉಸುಕಿನ ಮೇಲೆ ಕೂಡಿಸಿ, ತೊಯ್ದ ತಟ್ಟಿನ ಚೀಲ ಸುತ್ತಿದೆ. ಆ ಉಸುಕಿನಲ್ಲಿ ಮೆಂತ್ಯ ಚೆಲ್ಲಿದ್ದು ಮಾಸ್ತರು. ವಾರದಲ್ಲಿ ಪಲ್ಯಕ್ಕಾಗುವಷ್ಟು ಬಂತು.

ಮೂರನೇ ವರ್ಷ ಕಣ್ಣು ತೆರೆಸಿದ್ದು ನಮ್ಮೂರ ಕೋಟೆ. ಒಂದು ಮಧ್ಯಾಹ್ನ ಲೈಟು ಹೋಗಿ ತಲೆ ಕೆಟ್ಟು ನಾಲ್ವರೂ ಆಟೋದಲ್ಲಿ ಒಳಗಿನ ಜಾಮಾ ಮಸೀದಿಯ ನೆರಳಿಗೆ ಹೋದೆವು. 1367ರ ಕಟ್ಟಡ. ಬೇರೆ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳವಿಲ್ಲ, ಪೂರಾ ಗುಮ್ಮಟಗಳ ಚಾವಣಿ, ದಪ್ಪ ಕಂಬಗಳು. ಹೊರಗೆ ಮುಖ ಸುಡುವ ಝಳ, ಒಳಗೆ ಕಲ್ಲು ಮುಟ್ಟಿದರೆ ಹಿತ. ಮುನೀಮ ಗೋಡೆಗೆ ಬೆನ್ನು ಹಚ್ಚಿ, "ಇಲ್ಲಿ ಬಿಸಲಿಗೆ ಒಳಗ ಬರ್ಲಿಕ್ಕೇ ಜಾಗ ಇಲ್ಲ. ನಾವು ಕಿಟಕಿ ತೆಗೆದು ಬಾರಪಾ ಬಾ ಅಂತೀವಿ" ಅಂದ.

ಇಷ್ಟೇ ನೋಡ್ರಿ. ಎರಡು ವರ್ಷ ನಾವು ಹಗಲು ಗಾಳಿ ಬರಲಿ ಅಂತ ಕಿಟಕಿ ತೆರೆದು, ರಾತ್ರಿ ಸೊಳ್ಳೆ ಅಂತ ಮುಚ್ಚುತ್ತಿದ್ದೆವು. ಮರುದಿನದಿಂದ ಉಲ್ಟಾ. ಬೆಳಗ್ಗೆ 8ರೊಳಗೆ ಎಲ್ಲ ಬಂದ್, ಸಂಜೆ ಏಳರ ಮೇಲೆ ಎಲ್ಲ ಖುಲ್ಲಾ. ಪಡುವಣ ಕಿಟಕಿ ಒಂದಕ್ಕೆ ಮಾತ್ರ ಖಸ್‌ ತಟ್ಟಿ, ನೀರು ಹೊಡೆದು ತೋಯಿಸುವ ಲಾವಂಚದ ಬೇರಿನ ಪರದೆ, ಐನೂರರ ಆಸುಪಾಸು. ಅದರಲ್ಲೂ ಒಮ್ಮೆ ಬಿದ್ದೆವು: ಎದುರಿನ ಬೆಳಕಿಂಡಿ ಮುಚ್ಚಿಟ್ಟು ತಟ್ಟಿಗೆ ನೀರು ಹೊಡೆದರೆ ಕೋಣೆ ಬಚ್ಚಲಾಯಿತು, ಮೈಯೆಲ್ಲ ಅಂಟು. ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಬೆಳಕಿಂಡಿ ತೆರೆದ ಮೇಲೆ ಕೋಣೆ ತುಂಬ ಘಮ. ನಮ್ಮ ಒಣ ಹವೆಗೆ ತಟ್ಟಿ ತಕ್ಕದ್ದು, ಕರಾವಳಿಯ ಅಳಿಯಂದಿರು ಕೇಳಿದರೆ ಬೇಡ ಅಂತೀನಿ.

ಸುಣ್ಣಕ್ಕೆ ಈ ಸಲ ಫೆವಿಕಾಲ್ ಸೇರಿಸಿದೆವು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನೊಂದು ವಸ್ತು ಹಿತ್ತಲದ್ದು, ಪುಕ್ಕಟೆ ಸಿಗುತ್ತದೆ, ಕೈಗೆ ಮುಳ್ಳು ಚುಚ್ಚುತ್ತದೆ. ಅದರ ಅಳತೆ ನಮ್ಮ ನಾಲ್ವರಲ್ಲೇ ಇರಲಿ. ಎರಡು ಮಳೆ ಕಂಡರೂ ಸುಣ್ಣ ಎದ್ದಿಲ್ಲ. ಮುನೀಮ ತಂದ ಗೋಡೆ ಗಡಿಯಾರದಲ್ಲಿ ಡಿಗ್ರಿಯೂ ಬರುತ್ತದೆ. ಹಿಂದಿನ ಮೇ ತಿಂಗಳಲ್ಲಿ ಕೋಣೆಯೊಳಗೆ 39 ತೋರಿಸುತ್ತಿದ್ದದ್ದು ಈಗ 34ರ ಹತ್ತಿರ. ಖರ್ಚು ಸುಣ್ಣ, ತಟ್ಟಿ, ಹರವಿ, ಎರಡು ಹೊರಸಿಗೆ ಹೊಸ ನುಲಿ ಎಲ್ಲ ಕೂಡಿ ಮೂರು ಸಾವಿರದ ಮೇಲೆ ಸ್ವಲ್ಪ, ತಲಾ ಎಂಟು ನೂರು ಅಂತಿಟ್ಟುಕೊಳ್ಳಿ. ಹಳೇ ದಂಡ, ನವಿಲಿನ ಹರವಿ, ಬೆಲ್ಲ ಇದರಲ್ಲಿ ಹಿಡಿದಿಲ್ಲ. ಹಿಡಿದರೆ ಮನೆಯಾಕೆಗೆ ಲೆಕ್ಕ ಕೊಡಬೇಕಾಗುತ್ತದೆ.

ಈಗ ದಿನಾ ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಡೆದು ಹೊರಸು ಹಾಕುತ್ತೇವೆ. ಆಟೋದವನು ಬರುವಾಗ ಮಿರ್ಚಿ ಭಜಿ, ಸುಸಲಾ ಕಟ್ಟಿಸಿಕೊಂಡು ಬರುತ್ತಾನೆ. ಕುದಿಯುವ ಊರಲ್ಲಿ ಖಾರದ ಭಜಿ ಯಾಕೆ ಅಂತ ಹೊರಗಿನವರು ಕೇಳುತ್ತಾರೆ, ಬೆವರು ಬಂದಾಗ ಗಾಳಿ ಬೀಸಲಿ, ಗೊತ್ತಾಗುತ್ತದೆ. ಮೇಲೆ ಹರವಿಯ ಮಜ್ಜಿಗೆ. ಅಮಾವಾಸ್ಯೆಯ ಮುಂದೆ-ಹಿಂದೆ ಲೈಟು ಹೋದರೆ ಚುಕ್ಕಿ ಎಣಿಸಲು ಭಾರೀ ಚೊಲೋ.

ನಡುವೆ ಮಾಸ್ತರು ಕುಲ್ಫಿ ಪ್ರಯೋಗ ಹೂಡಿದರು. ಎರಡು ಲೀಟರ್ ಹಾಲು ಕುದಿಸಿ ಅರ್ಧಕ್ಕಿಳಿಸಿ, ಐಸಿಗೆ ಕಲ್ಲುಪ್ಪು ಹಾಕಿ ನಡುವೆ ಡಬ್ಬಿ ಹೂತರು. ಮುಚ್ಚಳ ಸಡಿಲಿದ್ದು ಯಾರೂ ನೋಡಲಿಲ್ಲ. ಉಪ್ಪಿನ ಕುಲ್ಫಿಯನ್ನು ದೋಸ್ತಿಗಾಗಿ ಎರಡೆರಡು ಚಮಚ ತಿಂದೆವು. ಮರುವಾರ ಡಬ್ಬಿಯ ಬಾಯಿಗೆ ಕಣಕ ಮೆತ್ತಿದ ಮೇಲೆ ಸರಿಹೋಯಿತು.

ಎಲ್ಲರಿಗಿಂತ ಹೆಚ್ಚು ನಕ್ಕವನು ಎದುರು ಮನೆಯ ಎ.ಸಿ. ಸಾಹುಕಾರ. ಮೇ ನಡುವೆ ಒಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟು ಓಣಿಯೆಲ್ಲ ಕತ್ತಲು. ಹನ್ನೊಂದರ ಸುಮಾರಿಗೆ ಕಂಕುಳಲ್ಲಿ ತಲೆದಿಂಬು ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. "ಏನ್ರೀ ಸಾಹುಕಾರ್ರs, ಇಷ್ಟೊತ್ತಿಗೆ?" ಅಂದ ಆಟೋದವನು. "ಸುಮ್ನಿರಪಾ, ಜಾಗ ಐತೇನು ಹೇಳು" ಅಂದ. ಹೊರಸು ನಾಲ್ಕೇ ಇದ್ದವು, ಚಾಪೆ ಕೊಟ್ಟೆವು. ಬೆಳಗ್ಗೆ ಸುಣ್ಣದಲ್ಲಿ ಏನೇನು ಹಾಕೀರಿ ಅಂತ ಕೇಳಿದ. ಮುನೀಮ ಆಗಲೇ ಚೀಟಿ ತೆಗೆದು ಮುಂದಿನ ವರ್ಷದ ಲೆಕ್ಕವನ್ನು ಐದು ಪಾಲು ಮಾಡುತ್ತಿದ್ದ.