ಚಾರ್ಮಾಡಿ ಕಡೆ ಬಂದರೆ ಕಪ್ಪೆ ನೋಡೋದು ಹೇಗೆ?

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರಕ್ಕೆ ಬಂದವರು ನೀರುದೋಸೆ ತಿಂದು, ಜಲಪಾತದ ಮುಂದೆ ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ. ಆ ಊರಿನ ಹೆಸರೇ ಹೊತ್ತ ಕಪ್ಪೆಯೊಂದು ಅಲ್ಲೇ ಇದೆ: ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹೆಸರಿಟ್ಟವರು ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್, 1937ರಲ್ಲಿ.

ಇದಕ್ಕಾಗಿ ರಾತ್ರಿಯೆಲ್ಲ ಅಲೆಯಬೇಕಿಲ್ಲ, ಹಗಲೇ ಸಾಕು. ಜೋರು ಮಳೆ ತಗ್ಗಿ ನೀರು ತಿಳಿಯಾದ ಮೇಲೆ ನೆರಳಿರುವ ಹಳ್ಳಕ್ಕೆ ಹೋಗಿ, ನೀರಿನ ನಡುವಿನ ಒದ್ದೆ ಕಲ್ಲುಗಳ ಮೇಲೆ ಕಣ್ಣಿಟ್ಟು ಅಲ್ಲಾಡದೆ ಕೂತುಬಿಡಿ. ಒಂದಿಂಚಿನ ಕಂದು ಕಪ್ಪೆ, ಸುಮ್ನೆ ಕೂತಿದ್ದರೆ ಕಾಣೋದೇ ಇಲ್ಲ. ಕಣ್ಣಿಗೆ ಬೀಳೋದು ಕಾಲು. ಗಂಡು ಕಪ್ಪೆ ಹಿಂಗಾಲನ್ನು ಪೂರ್ತಿ ಚಾಚಿ, ಬೆರಳು ಬಿಡಿಸಿ, ನಡುವಿನ ಬಿಳಿ ಪೊರೆಯನ್ನು ಫಳಕ್ಕನೆ ತೋರಿಸಿ ಮತ್ತೆ ಮಡಚಿಕೊಳ್ಳುತ್ತದೆ. ಹಳ್ಳದ ಸದ್ದಿನಲ್ಲಿ ಬರೀ ಕೂಗಿದರೆ ಯಾರಿಗೆ ಕೇಳುತ್ತೆ, ಅಲ್ವಾ? ಅದಕ್ಕೇ ಕೂಗಿನ ಜೊತೆ ಈ ಸನ್ನೆ. ಇನ್ನೊಂದು ಗಂಡು ತೀರಾ ಹತ್ತಿರ ಬಂದರೆ ಅದೇ ಕಾಲಿನಿಂದ ಒದೆಯೂ ಬೀಳುತ್ತದೆ. ಒದೆತವೇ ವಿಕಾಸದಲ್ಲಿ ಸನ್ನೆಯಾಗಿದೆ ಅನ್ನುತ್ತಾರೆ ಸಂಶೋಧಕರು. ಡ್ಯಾನ್ಸ್ ಅಂತ ಎಲ್ಲರೂ ಮೆಚ್ಚುತ್ತಾರೆ, ಅಸಲಿಗೆ ಅದು ಜಾಗದ ಜಗಳ.

ರಸ್ತೆ ಬದಿಯಲ್ಲಿ ನೀರು ಜಿನುಗುವ ಬಂಡೆಗಳನ್ನೂ ಬಿಡಬೇಡಿ. ಇಂಡಿರಾನ ಎಂಬ ಕುಲದ ಕಪ್ಪೆಗಳ ಗೊದಮೊಟ್ಟೆಗಳು ಬಂಡೆಯ ಮೇಲಿನ ಆ ತೆಳು ನೀರಿನಲ್ಲೇ ಅಂಟಿಕೊಂಡು ಪಾಚಿ ಕೆರೆದು ತಿನ್ನುತ್ತವೆ. ಬಾಲ ಉದ್ದ, ಹಿಂಗಾಲು ಬೇಗ ಬಲಿಯುತ್ತದೆ, ಬೆರಳು ಹತ್ತಿರ ತಂದರೆ ಟಪ್ ಅಂತ ಹಾರುತ್ತವೆ.

ರಾತ್ರಿಯ ಆಟ ಬೇರೆ. ತೋಟದ ಹೊಂಡದ ಮೇಲೆ ಬಾಗಿದ ಎಲೆಗಳಲ್ಲಿ ಬಿಳಿ ನೊರೆಯ ಉಂಡೆ ಕಂಡರೆ ಅದು ಮಲಬಾರ್ ಹಾರುವ ಕಪ್ಪೆಯ ಗೂಡಿರಬಹುದು. ಗೊದಮೊಟ್ಟೆಗಳು ಅಲ್ಲಿಂದ ನೇರ ನೀರಿಗೆ ಉದುರಬೇಕು, ಹಾಗಾಗಿ ಆ ಕೊಂಬೆಯನ್ನು ಫೋಟೋಗೆ ಅಂತ ಎಳೆಯಬೇಡಿ. ಕಾಫಿ ಗಿಡದೊಳಗೆ ಟಿಕ್ ಟಿಕ್ ಅನ್ನುವ ಪುಟ್ಟ ಪೊದೆಗಪ್ಪೆ ರಾವೋರ್ಕೆಸ್ಟಿಸ್ ಕುಲದ್ದು. ಆ ಕುಲಕ್ಕಿರೋದೂ ಅದೇ ರಾವ್ ಅವರ ಹೆಸರು. ಇದಕ್ಕೆ ಹೊಂಡವೇ ಬೇಡ. ಗೊದಮೊಟ್ಟೆ ಹಂತ ಮೊಟ್ಟೆಯೊಳಗೇ ಮುಗಿದು, ಸೀದಾ ಮರಿಗಪ್ಪೆ ಹೊರಬರುತ್ತದೆ. ಹುಡುಕೋದು ಮಾತ್ರ ತಲೆನೋವು. ಇಬ್ಬರು ನಾಲ್ಕು ಹೆಜ್ಜೆ ದೂರ ನಿಂತು, ಟಾರ್ಚ್ ಆರಿಸಿ, ಸದ್ದು ಬಂದ ಕಡೆ ಕೈ ತೋರಿಸಿ. ಎರಡೂ ಕೈ ಸೇರುವ ಕಡೆ ಬೆಳಕು ಬಿಡಿ.

ಉಂಬಳಕ್ಕೆ (ಜಿಗಣೆಗೆ) ಅಂತ ನಶ್ಯವೋ ಎಣ್ಣೆಯೋ ಹಚ್ಚಿದ ಕೈಯಲ್ಲಿ ಕಪ್ಪೆ ಮುಟ್ಟಬೇಡಿ, ಅದು ಚರ್ಮದಿಂದಲೂ ಉಸಿರಾಡುತ್ತದೆ. ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ತೋಟವಾದರೆ ಮಾಲೀಕರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಟಾರ್ಚ್ ಬೆಳಕು ಕಂಡು ಮೊದಲು ನಾಯಿ ಬರುತ್ತೆ, ಹಿಂದೆಯೇ ತೋಟದ ಲೆಕ್ಕ ನೋಡುವ ರೈಟರು.